ಹೊನ್ನವ್ವನ ಒತ್ತಕ್ಷರ

“ಗುರುಗಳೇ, ಇಷ್ಟೊಂದು ಟೂಲ್‌ಕಿಟ್‌ಗಳಿವೆ. ಇವುಗಳಲ್ಲಿ ಯಾವುದನ್ನು ಆರಿಸಲಿ?” ಎಂದು ಇಂದುಧರ ಕೇಳಿದ.

ಇಂದುಧರ ವೃಷಭೇಂದ್ರ ಮಾಸ್ತರರಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದ. ಮಾಸ್ತರರು ಕಾಲೇಜಿನ ಕೆಲಸದಿಂದ ನಿವೃತ್ತರಾದ ಮೇಲೆ, ಕಲಿಯಬೇಕೆಂದು ಬಂದವರನ್ನು ಮನೆಯ ಪಡಸಾಲೆಯಲ್ಲಿ ಕೂರಿಸಿ ಕಲಿಸುತ್ತಿದ್ದರು. ಇಂದುಧರನಿಗೆ ಒಂದು ಚಿಕ್ಕ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಮನಸ್ಸು ಕೂತಿತ್ತು. ಹೆಚ್ಚು ಜನ ಬಳಸದ ಭಾಷೆ ಅದು. ಬರೆದರೆ ಓದುವಂತಿರುತ್ತಿತ್ತು. ಆದರೆ ಪರದೆಯ ಮೇಲೆ ಒಂದು ಕಿಟಕಿ ತೆರೆಯಬೇಕು, ಅದರಲ್ಲೊಂದು ಬಟನ್ ಇಡಬೇಕು ಎಂದರೆ ಭಾಷೆಯೊಂದೇ ಸಾಲದು. ಕಿಟಕಿ, ಬಟನ್, ಅಕ್ಷರ ತುಂಬುವ ಜಾಗ ಇವನ್ನೆಲ್ಲ ಮೊದಲೇ ಮಾಡಿಟ್ಟಿರುವ ಸಾಮಗ್ರಿ ಬೇಕು. ಅದನ್ನೇ ಟೂಲ್‌ಕಿಟ್ ಎನ್ನುತ್ತಾರೆ. ಆ ಭಾಷೆಗೆ ಅಂಥವು ಹಲವಿದ್ದವು. ಇಂದುಧರ ಒಂದನ್ನು ಹಿಡಿದ, ಬಿಟ್ಟ. ಇನ್ನೊಂದನ್ನು ಹಿಡಿದ, ಅದನ್ನೂ ಬಿಟ್ಟ.

“ಒಂದೂ ಪೂರ್ತಿ ಇಲ್ಲ. ಎಲ್ಲದರಲ್ಲೂ ಏನಾದರೊಂದು ಕೊರತೆ,” ಎಂದ. “ಹೊಸದನ್ನೇ ಕಟ್ಟಿಬಿಡೋಣ ಅಂತಲೂ ಒಮ್ಮೊಮ್ಮೆ ಅನಿಸುತ್ತದೆ.”

ಮಾಸ್ತರರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಈ ಕತೆ ಹೇಳಿದರು.

ತುಂಗಭದ್ರೆಯ ದಂಡೆಯ ಊರೊಂದರಲ್ಲಿ ಹೊನ್ನವ್ವ ಎಂಬ ಅಡುಗೆಯವಳಿದ್ದಳು. ಮದುವೆ, ಸೀಮಂತ, ಗೃಹಪ್ರವೇಶ ಏನೇ ಇದ್ದರೂ ಜನ ಮೊದಲು ಹೊನ್ನವ್ವನಿಗೆ ಬಿಡುವಿದೆಯೇ ಎಂದು ವಿಚಾರಿಸಿ, ಆಮೇಲೆ ಮುಹೂರ್ತ ಕೇಳಲು ಹೋಗುತ್ತಿದ್ದರು. ಅವಳ ಕೈರುಚಿ ದೊಡ್ಡದು; ಅವಳ ದನಿ ಅದಕ್ಕಿಂತ ದೊಡ್ಡದು. ಕಲ್ಯಾಣ ಮಂಟಪದ ಹಿಂದೆ, ಒಲೆಗಳ ಸಾಲಿನ ನಡುವೆ ನಿಂತು ಆಕೆ “ಉಪ್ಪು ಸಾಕು!” ಎಂದು ಕೂಗಿದರೆ ಮುಂದೆ ಓಲಗದವರಿಗೆ ತಾಳ ತಪ್ಪುತ್ತಿತ್ತು ಎಂದು ಜನ ತಮಾಷೆ ಮಾಡುತ್ತಿದ್ದರು. ಆಳುಗಳು ಅವಳಿಗೆ ಹೆದರುತ್ತಿದ್ದರು. ಬೇರೆ ಕಡೆ ಹೆಚ್ಚು ಕೂಲಿ ಸಿಕ್ಕರೂ ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ.

ಒಂದು ದಿನ ಹೊನ್ನವ್ವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಆದರೆ ನಾಲಿಗೆ ಹೊರಳದು, ಬಲಗೈ ಏಳದು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ಯಾವ ಕೊಪ್ಪರಿಗೆಯಲ್ಲಿ ಏನು ತಳ ಹಿಡಿಯುತ್ತಿದೆ ಎಂದು ದೂರದಿಂದಲೇ ಮೂಗಿಗೆ ಗೊತ್ತಾಗುತ್ತಿತ್ತು. ಹೇಳಲು ಬಾಯಿ ಇರಲಿಲ್ಲ. ಅವಳ ಕೈಕೆಳಗೆ ಪಳಗಿದ ಕೊಟ್ರೇಶ ಹೇಗೋ ಕೆಲಸ ನಡೆಸಿಕೊಂಡು ಹೋದ. ಆಕೆ ಎಡಗೈಯಲ್ಲಿ ಸನ್ನೆ ಮಾಡುವಳು, ಅವನು ಊಹಿಸುವನು. ಎಡಗೈಯಲ್ಲಿ ಬರೆದು ತೋರಿಸುವಷ್ಟು ಹೊತ್ತು ಒಲೆ ಕಾಯುತ್ತಿರಲಿಲ್ಲ. ಊಹೆಯ ಮೇಲೆ ಮದುವೆಯ ಅಡುಗೆ ಎಷ್ಟು ದಿನ ನಡೆದೀತು? ಒಂದು ಮನೆಯಲ್ಲಿ ಹುಗ್ಗಿ ಸೀದಿತು. ಇನ್ನೊಂದು ಮನೆಯಲ್ಲಿ ಸಾರು ಉಪ್ಪಾಯಿತು. ಕರೆಯುವವರು ಕಡಿಮೆಯಾದರು.

ಹೊನ್ನವ್ವನ ತಂಗಿಯ ಮಗಳು ವನಜಾಕ್ಷಿ. ನಗರದಲ್ಲಿ ಪ್ರೋಗ್ರಾಂ ಬರೆಯುವುದು ಅವಳ ಕಸುಬು. ಬಾಲ್ಯದಲ್ಲಿ ತಾಯಿಯ ಮಡಿಲಿಗಿಂತ ದೊಡ್ಡವ್ವನ ಅಡುಗೆಮನೆಯಲ್ಲೇ ಹೆಚ್ಚು ಬೆಳೆದವಳು. ಆಸ್ಪತ್ರೆಯಿಂದ ಬಂದು ಮೂಲೆ ಹಿಡಿದು ಕೂತ ದೊಡ್ಡವ್ವನನ್ನು ನೋಡಲಾರದೆ ಅವಳು ಒಂದು ಮಾತು ಕೊಟ್ಟಳು.

“ದೊಡ್ಡವ್ವಾ, ನಾನು ನಿನಗೊಂದು ಬಾಯಿ ಮಾಡಿಕೊಡುತ್ತೇನೆ.”

ಅವಳ ಮನಸ್ಸಿನಲ್ಲಿದ್ದದ್ದು ಸರಳವಾದ ಕೆಲಸ. ಮನೆಯಲ್ಲೊಂದು ಹಳೆಯ ಟ್ಯಾಬ್ಲೆಟ್ ಇತ್ತು. ಅದರ ಪರದೆಯ ಮೇಲೆ ದೊಡ್ಡ ದೊಡ್ಡ ಬಟನ್‌ಗಳು. ಒಂದೊಂದರ ಮೇಲೆ ಅಡುಗೆಮನೆಯ ಒಂದೊಂದು ಮಾತು. ಹೊನ್ನವ್ವ ಎಡಗೈ ಬೆರಳಿನಿಂದ ಮುಟ್ಟಿದರೆ ಸ್ಪೀಕರ್ ಆ ಮಾತನ್ನು ಗಟ್ಟಿಯಾಗಿ ಹೇಳಬೇಕು. ವನಜಾಕ್ಷಿ ಪ್ರೀತಿಯಿಂದ ಬಳಸುತ್ತಿದ್ದದ್ದೂ ನಿನ್ನದರಂತೆ ಒಂದು ಚಿಕ್ಕ ಭಾಷೆ. ಅದಕ್ಕೆ ಎರಡು ಟೂಲ್‌ಕಿಟ್‌ಗಳಿದ್ದವು. ಒಂದು ಹೊಸದು, ನೋಡಲು ಚೆಂದ, ಒಂದು ಕಂಪನಿಗೆ ಸೇರಿದ್ದು. ಇನ್ನೊಂದು ಹಳೆಯದು, ಅಲ್ಲಿ ಇಲ್ಲಿ ಚದುರಿದ ಒಂದಿಷ್ಟು ಜನ ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದದ್ದು. ಅದರ ಬಟನ್‌ಗಳು ಬೂದಿ ಬಣ್ಣದವು. ಅದು ಕನ್ನಡವನ್ನು ಬರೆಯುತ್ತಿದ್ದ ರೀತಿ ನೋಡಿ ವನಜಾಕ್ಷಿಗೆ ನಗು ಬಂತು. ಒತ್ತಕ್ಷರವನ್ನು ಅದು ಅಕ್ಷರದ ಕೆಳಗೆ ಕೂರಿಸುತ್ತಿರಲಿಲ್ಲ, ಪಕ್ಕದಲ್ಲಿ ನಿಲ್ಲಿಸುತ್ತಿತ್ತು. ಉಪ್ಪು ಎಂದು ಕೊಟ್ಟರೆ ‘ಉಪ್‌ಪು’ ಎಂದು ತೋರಿಸುತ್ತಿತ್ತು. ಅವಳು ಅದನ್ನು ಅಲ್ಲಿಗೇ ಮುಚ್ಚಿ, ಚೆಂದದ್ದನ್ನು ಆರಿಸಿಕೊಂಡಳು.

ಕೆಲಸ ಬೇಗ ಮುಗಿಯಿತು. ಹೊನ್ನವ್ವ ಅದನ್ನು ಮುಟ್ಟಿ ನೋಡಿದಳು. “ನೀರು” ಎಂದು ವನಜಾಕ್ಷಿಯ ದನಿ ಕೇಳಿಸಿತು. ಹೊನ್ನವ್ವನ ಸೊಸೆ ನೀರು ತಂದುಕೊಟ್ಟಳು. ಹೊನ್ನವ್ವ ನೀರು ಕುಡಿದು, ಬಾಯಾರಿಕೆ ಇಲ್ಲದಿದ್ದರೂ ಮತ್ತೆ ಮುಟ್ಟಿದಳು. ಮನೆಯವರೆಲ್ಲ ನಕ್ಕರು.

ಆ ನಗು ಬಹಳ ದಿನ ಉಳಿಯಲಿಲ್ಲ. ಕಂಪನಿಯವರು ಟೂಲ್‌ಕಿಟ್ಟನ್ನು ಬದಲಿಸಿದರು. ಹೊಸ ಯಂತ್ರಗಳಲ್ಲಿ ಅದು ಇನ್ನೂ ಚೆನ್ನಾಗಿ ಓಡಿತು. ಹಳೆಯ ಟ್ಯಾಬ್ಲೆಟ್ಟಿನಲ್ಲಿ ಪರದೆ ಕಪ್ಪಾಗಿ ನಿಂತಿತು. ವನಜಾಕ್ಷಿ ಕಂಪನಿಗೆ ಬರೆದಳು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಉತ್ತರ ಬಂತು. ಮತ್ತೆ ಬರೆದಳು. ಅದೇ ಉತ್ತರ ಬಂತು. ಒಳಗೆ ಏನು ಕೆಟ್ಟಿದೆ ಎಂದು ಅವಳಿಗೆ ಅಂದಾಜಿತ್ತು. ಆದರೆ ಆ ಟೂಲ್‌ಕಿಟ್ಟಿನ ಒಳಗನ್ನು ಯಾರಿಗೂ ತೋರಿಸುವ ಪದ್ಧತಿ ಇರಲಿಲ್ಲ.

ವನಜಾಕ್ಷಿಗೆ ರೋಷ ಬಂತು. ‘ಯಾರ ಹಂಗೂ ಬೇಡ, ನನ್ನದೇ ಟೂಲ್‌ಕಿಟ್ ಕಟ್ಟುತ್ತೇನೆ’ ಎಂದುಕೊಂಡಳು. ರೋಷದಲ್ಲಿ ಶುರುಮಾಡಿದ ಕೆಲಸ ಮೊದಮೊದಲು ಓಡುತ್ತದೆ. ಕಿಟಕಿ ಮೂಡಿತು. ಬಟನ್ ಮೂಡಿತು. ರೂಢಿಯಿಲ್ಲದ ಎಡಗೈ ನಡುಗುತ್ತದಲ್ಲ, ಬೆರಳು ಬಟನ್ನಿನ ಅಂಚಿಗೆ ಜಾರಿದರೂ ಅದು ಯಾವುದನ್ನು ಮುಟ್ಟಲು ಹೊರಟಿತ್ತು ಎಂದು ತಿಳಿದುಕೊಳ್ಳುವ ಒಂದು ಜಾಣ್ಮೆಯನ್ನೂ ಅದರಲ್ಲಿ ಸೇರಿಸಿದಳು. ಅದು ಅವಳಿಗೇ ಹೆಮ್ಮೆ ತಂದಿತು. ಆಮೇಲೆ ದಾರಿ ಏರುತ್ತಾ ಹೋಯಿತು. ಪರದೆ ಸರಿಸಬೇಕು, ಅಕ್ಷರ ತಿದ್ದಬೇಕು, ಟ್ಯಾಬ್ಲೆಟ್ ತಿರುಗಿಸಿದರೆ ಎಲ್ಲವೂ ತಿರುಗಬೇಕು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೆರಡು ಏಳುತ್ತಿದ್ದವು. ಊರಿಗೆ ಹೋಗುವುದು ಕಡಿಮೆಯಾಯಿತು. ಫೋನಿನಲ್ಲಿ ಸೊಸೆ ಕೇಳಿದಾಗಲೆಲ್ಲ “ಇನ್ನೇನು, ಆಗೇ ಹೋಯಿತು” ಎನ್ನುತ್ತಿದ್ದಳು. ಯುಗಾದಿ ಹೋಯಿತು, ದಸರೆ ಬಂತು.

ಒಂದು ದಿನ ಕೊಟ್ರೇಶ ಅವಳನ್ನು ಹುಡುಕಿಕೊಂಡು ಬಂದ. ಕೂರು ಎಂದರೂ ಕೂರಲಿಲ್ಲ.

“ಅಕ್ಕಾ, ಆ ಯಂತ್ರ ಎಲ್ಲಿಗೆ ಬಂತು?”

“ಇನ್ನು ಸ್ವಲ್ಪ ದಿನ, ಕೊಟ್ರೇಶ. ಈ ಸಲ ಯಾವ ಕೊರತೆಯೂ ಇರಬಾರದು. ಯಾರೂ ಕೆಡಿಸಲಾರದಂಥದ್ದು ಮಾಡುತ್ತಿದ್ದೇನೆ.”

ಕೊಟ್ರೇಶ ತಲೆ ತಗ್ಗಿಸಿದ. “ಮಾಡಿ ಅಕ್ಕಾ. ನಿಮ್ಮ ಕೆಲಸ ನನಗೆ ತಿಳಿಯುವುದಿಲ್ಲ. ಒಂದು ಮಾತು ಹೇಳಬೇಕಿತ್ತು. ಅವ್ವಾರು ಈಗೀಗ ಸನ್ನೆ ಮಾಡುವುದನ್ನೂ ಬಿಟ್ಟಿದ್ದಾರೆ. ಒಲೆಯ ಹತ್ತಿರ ಕರೆದುಕೊಂಡು ಹೋದರೂ ಗೋಡೆ ಕಡೆ ಮುಖ ಮಾಡಿ ಕೂರುತ್ತಾರೆ. ನಿನ್ನೆ ಅನ್ನ ಸೀದ ವಾಸನೆ ಬಂತು. ಎಲ್ಲರಿಗೂ ಬಂತು. ಅವರು ತಿರುಗಿ ನೋಡಲಿಲ್ಲ.”

ಇಷ್ಟು ಹೇಳಿ ಅವನು ಹೊರಟುಹೋದ.

ವನಜಾಕ್ಷಿ ತಾನು ಕಟ್ಟುತ್ತಿದ್ದದ್ದನ್ನು ಬಹಳ ಹೊತ್ತು ನೋಡುತ್ತಾ ಕೂತಳು. ಅದರಲ್ಲಿ ದೊಡ್ಡವ್ವ ಮುಟ್ಟಿ ಮಾತಾಡಬಹುದಾದ ಬಟನ್ ಒಂದೂ ಇನ್ನೂ ಸಿದ್ಧವಾಗಿರಲಿಲ್ಲ. ಇಷ್ಟು ದಿನ ಯಾರ ಮೇಲೆ ರೋಷ ಇಟ್ಟುಕೊಂಡು ಕೆಲಸ ಮಾಡಿದೆ ಎಂದು ಯೋಚಿಸಿದಳು. ಕಂಪನಿಯ ಮೇಲೆ. ಆ ಕಂಪನಿಗೆ ಇವಳ ಹೆಸರೂ ಗೊತ್ತಿರಲಿಲ್ಲ. ಅವಳ ಕಣ್ಣು ತುಂಬಿ ಬಂದವು.

ಕಣ್ಣೊರೆಸಿಕೊಂಡು ಅವಳು ಮೊದಲ ದಿನ ನಕ್ಕು ಮುಚ್ಚಿದ್ದ ಹಳೆಯ ಟೂಲ್‌ಕಿಟ್ಟನ್ನು ತೆರೆದಳು. ಹಳೆಯ ಟ್ಯಾಬ್ಲೆಟ್ಟಿನಲ್ಲಿ ಅದು ತಕರಾರಿಲ್ಲದೆ ಓಡಿತು. ಬೂದಿ ಬಣ್ಣದ ಬಟನ್‌ಗಳನ್ನಿಟ್ಟು, ಮಾತುಗಳನ್ನು ತುಂಬಿ, ಮಾರನೆಯ ಬೆಳಿಗ್ಗೆಯೇ ಊರಿಗೆ ಹೋದಳು.

ಅಲ್ಲಿ ಅದನ್ನು ತೆರೆದಾಗ ಒಂದು ವಿಷಯ ಅವಳ ಕಣ್ಣಿಗೆ ಹೊಡೆಯಿತು. ಅಡುಗೆಮನೆಯ ಮಾತುಗಳಲ್ಲಿ ಒತ್ತಕ್ಷರವಿಲ್ಲದವು ಎಷ್ಟಿವೆ? ಉಪ್ಪು, ಅಕ್ಕಿ, ಬೆಲ್ಲ, ಎಣ್ಣೆ, ಬೆಣ್ಣೆ, ತುಪ್ಪ, ಸಕ್ಕರೆ, ಒಗ್ಗರಣೆ. ಒಂದೂ ನೆಟ್ಟಗಿರಲಿಲ್ಲ. ಅಕ್ಷರಗಳು ಬಿಡಿಬಿಡಿಯಾಗಿ ನಿಂತು ಬಟನ್ನಿನ ಆಚೆಗೆ ಚಾಚಿಕೊಂಡು, ಕೊನೆಯವು ಕಾಣದೇ ಹೋಗಿದ್ದವು. ಎಣ್ಣೆ ಯಾವುದು, ಬೆಣ್ಣೆ ಯಾವುದು ಎಂದು ಗುರುತು ಹಿಡಿಯಲು ಕಣ್ಣು ಕಿರಿದು ಮಾಡಬೇಕಿತ್ತು.

ನಾಚಿಕೆಯಿಂದಲೇ ಅದನ್ನು ದೊಡ್ಡವ್ವನ ಮುಂದಿಟ್ಟಳು.

ಹೊನ್ನವ್ವ ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು. ಪರದೆಯನ್ನು ನೋಡಿದಳು. ‘ಉಪ್‌ಪು’ ಎಂಬುದರ ಮೇಲೆ ಅವಳ ಕಣ್ಣು ನಿಂತಿತು. ಅವಳ ಭುಜ ಅಲುಗಿತು. ದೊಡ್ಡವ್ವ ಅಳುತ್ತಿದ್ದಾಳೆಂದು ವನಜಾಕ್ಷಿ ಗಾಬರಿಯಾದಳು. ಹೊನ್ನವ್ವ ನಗುತ್ತಿದ್ದಳು. ಬಾಯಿ ಸೊಟ್ಟಗಾದರೂ ಆಗಲಿ ಎಂದು ನಗುತ್ತಿದ್ದಳು. ಮುಂದೆ ಮೊರದಲ್ಲಿ ಜರಡಿ ಹಿಡಿದ ಗೋಧಿ ಹಿಟ್ಟಿತ್ತು. ಅದರೊಳಗೆ ಎಡಗೈ ಬೆರಳಿಟ್ಟು ಮೊದಲು ‘ಉ’ ಬರೆದಳು, ಆಮೇಲೆ ‘ಪು’ ಬರೆದಳು, ಅದರ ಕೆಳಗೆ ಪಕಾರದ ಒತ್ತನ್ನು ಎಳೆದಳು. ಎಳೆದು, ಇಲ್ಲಿ ನೋಡು ಎಂಬಂತೆ ಆ ಒತ್ತಿನ ಮೇಲೆ ಬೆರಳು ಬಡಿದಳು.

“ಗೊತ್ತು ದೊಡ್ಡವ್ವಾ, ತಪ್ಪಾಗಿದೆ,” ಎಂದಳು ವನಜಾಕ್ಷಿ. “ತಿದ್ದಿಸುತ್ತೇನೆ. ಅಲ್ಲಿಯವರೆಗೆ ಇದರಲ್ಲೇ ಸುಧಾರಿಸಿಕೊಳ್ಳುತ್ತೀಯಾ?”

ಹೊನ್ನವ್ವ ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಎಳೆದುಕೊಂಡಳು.

ಅಂದಿನಿಂದ ಅವಳು ಆ ಮುರುಕು ಅಕ್ಷರಗಳಲ್ಲೇ ಮಾತಾಡತೊಡಗಿದಳು. ಬೆಣ್ಣೆ ಎನ್ನಲು ಹೋಗಿ ಎಣ್ಣೆ ಎಂದದ್ದೂ ಉಂಟು. ಕೊಟ್ರೇಶ “ಅವ್ವಾರೇ, ಹೋಳಿಗೆಗೆ ಎಣ್ಣೆ ಸುರಿಯಲೇ?” ಎಂದರೆ ಹಣೆ ಬಡಿದುಕೊಂಡು ಪಕ್ಕದ ಬಟನ್ ಒತ್ತುತ್ತಿದ್ದಳು. ಆದರೆ ಗೋಡೆಯ ಕಡೆ ಮತ್ತೆ ಮುಖ ಮಾಡಲಿಲ್ಲ.

ಇತ್ತ ವನಜಾಕ್ಷಿ ಹಳೆಯ ಟೂಲ್‌ಕಿಟ್ಟನ್ನು ನೋಡಿಕೊಳ್ಳುವವರಿಗೆ ಬರೆದಳು. ಅವರಲ್ಲಿ ಹಿರಿಯಳು ಸಮುದ್ರದಾಚೆಯ ದೇಶದ ಇಲ್ಜಾ ಎಂಬ ಹೆಂಗಸು. ವನಜಾಕ್ಷಿ ಬರೆದದ್ದು ಖಾರವಾಗಿಯೇ ಇತ್ತು. ನಮ್ಮ ಭಾಷೆಯನ್ನು ಇಷ್ಟು ವರ್ಷ ಹೀಗೆ ಮುರಿದು ತೋರಿಸುತ್ತಿದ್ದೀರಲ್ಲ, ನಿಮಗೆ ಕಾಣಲಿಲ್ಲವೇ ಎಂದು ಕೇಳಿದ್ದಳು.

ಇಲ್ಜಾಳ ಉತ್ತರ ಅಂದೇ ಬಂತು. “ಕಾಣಲಿಲ್ಲ. ನನಗೆ ನಿಮ್ಮ ಲಿಪಿ ಬಾರದು, ಮುರಿದಿದೆ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಕ್ಷಮಿಸಿ. ಅಕ್ಷರ ಬರೆಯುವ ಭಾಗ ಎಲ್ಲಿದೆ ಎಂದು ನಾನು ತೋರಿಸುತ್ತೇನೆ. ಸರಿಯಾದ ಅಕ್ಷರ ಹೇಗಿರುತ್ತದೆ ಎಂದು ನೀವು ತೋರಿಸುತ್ತೀರಾ?”

ಬೈಗುಳ ಕಳಿಸಿದ ಕಡೆಯಿಂದ ಕರೆ ಬಂದಿತ್ತು. ವನಜಾಕ್ಷಿಗೆ ತಾನು ಬರೆದ ಮಾತು ನೆನೆದು ಮುಖ ಬಿಸಿಯಾಯಿತು. ಜೊತೆಗೆ ಹೆದರಿಕೆಯೂ ಆಯಿತು. ತಾನು ಬರೆದದ್ದನ್ನು ತಿದ್ದುವುದು ಒಂದು, ಎಷ್ಟೋ ಜನ ಎಷ್ಟೋ ವರ್ಷ ಬರೆದದ್ದರೊಳಗೆ ಕೈ ಹಾಕುವುದು ಇನ್ನೊಂದು. ಆದರೂ ಕೈ ಹಾಕಿದಳು.

ತಪ್ಪು ದೊಡ್ಡದಾಗಿರಲಿಲ್ಲ, ಆಳವಾಗಿತ್ತು. ಆ ಟೂಲ್‌ಕಿಟ್ ಪ್ರತಿ ಅಕ್ಷರವನ್ನೂ ಒಂಟಿಯಾಗಿ ಅದರದರ ಜಾಗದಲ್ಲಿ ನಿಲ್ಲಿಸುತ್ತಿತ್ತು. ಒಂದು ಅಕ್ಷರ ಇನ್ನೊಂದರ ಕೆಳಗೆ ಹೋಗಿ ಕೂರಬಹುದು ಎಂಬುದನ್ನು ಕಟ್ಟಿದವರು ಎಣಿಸಿರಲಿಲ್ಲ. ಅಕ್ಷರಗಳನ್ನು ಕೂಡಿಸಿಕೊಡುವ ಪ್ರೋಗ್ರಾಂ ಬೇರೆ ಕಡೆ ಸಿದ್ಧವಾಗಿಯೇ ಇತ್ತು. ಯಾರು ಬೇಕಾದರೂ ಬಳಸಬಹುದಿತ್ತು. ಅದನ್ನು ತಂದು ಇದಕ್ಕೆ ಜೋಡಿಸಬೇಕು. ವನಜಾಕ್ಷಿ ಜೋಡಿಸಿ ಕಳಿಸಿದಳು. ಇಲ್ಜಾಳ ಜೊತೆಗಾರನೊಬ್ಬ ಅದನ್ನು ಹಿಂದಿರುಗಿಸಿದ. ಇದರಿಂದ ಬೇರೆ ಭಾಷೆಯವರ ಪರದೆ ನಿಧಾನವಾಗುತ್ತಿದೆ ಎಂದ. ಮೊದಲಾಗಿದ್ದರೆ ಅವಳು ಸಿಟ್ಟಾಗಿ ಎದ್ದು ಹೋಗುತ್ತಿದ್ದಳು. ಈಗ ಕೂತು ನೋಡಿದಳು. ಅವನು ಹೇಳಿದ್ದು ನಿಜವಾಗಿತ್ತು. ಮತ್ತೆ ಬರೆದಳು. ಈ ಸಲ ಅಕ್ಷರ ಕೂಡಿದವು, ಬಟನ್ನಿನ ಅಗಲ ತಪ್ಪಿತು. ಅದನ್ನು ಇಲ್ಜಾ ತಿದ್ದಿದಳು. ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಬಂದು ಕೆಲಸ ಮಾಗಿತು. ತಾನು ಒಂಟಿಯಾಗಿ ಕಟ್ಟಿದ್ದರಲ್ಲಿ ನಡುಗುವ ಬೆರಳಿಗಾಗಿ ಮಾಡಿದ್ದ ಜಾಣ್ಮೆಯನ್ನೂ ವನಜಾಕ್ಷಿ ಬಿಡಿಸಿ ತಂದು ಇದರಲ್ಲಿ ಸೇರಿಸಿದಳು. ಅದನ್ನು ನೋಡಿ ಇಲ್ಜಾ, “ನನ್ನ ತಂದೆಯ ಕೈಯೂ ನಡುಗುತ್ತದೆ,” ಎಂದಷ್ಟೇ ಬರೆದಳು.

ತಿದ್ದಿದ್ದು ಟ್ಯಾಬ್ಲೆಟ್ಟಿಗೆ ಬಂದ ದಿನ ಹೊನ್ನವ್ವ ಪರದೆಯ ಮೇಲೆ ಬೆರಳಾಡಿಸಿದಳು. ಉಪ್ಪು ನೆಟ್ಟಗಿತ್ತು. ಅಕ್ಕಿ, ಬೆಲ್ಲ, ತುಪ್ಪ ಎಲ್ಲ ತಂತಮ್ಮ ಒತ್ತು ಹೊತ್ತು ಕೂತಿದ್ದವು. ಆಕೆ ಒಂದನ್ನೂ ಒತ್ತದೆ ಅಷ್ಟನ್ನೂ ಓದಿದಳು. ಬಳಿಕ ಅಕ್ಷರ ತುಂಬುವ ಜಾಗ ತೆರೆದು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ವನಜಾಕ್ಷಿ ಕಾದಳು. ಇಷ್ಟು ಕಾಲದ ಮೇಲೆ ದೊಡ್ಡವ್ವ ತಾನಾಗಿ ಆಡುವ ಮೊದಲ ಮಾತು ಅದು.

ಪರದೆಯ ಮೇಲೆ ಹೀಗಿತ್ತು: “ನಿನ್ನ ದನಿಗೆ ಯಾರೂ ಹೆದರಲ್ಲ. ಜೋರು ಹೇಳು.”

ವನಜಾಕ್ಷಿ ನಕ್ಕಳು, ಅತ್ತಳು. ನಯವಾದ ದನಿಯಲ್ಲಿ ಹೇಳಿಟ್ಟಿದ್ದ ಮಾತುಗಳನ್ನೆಲ್ಲ ಅಳಿಸಿ, ದೊಡ್ಡವ್ವನ ಮುಂದೆಯೇ ನಿಂತು, ಗಂಟಲು ಹರಿಯುವಂತೆ ಒಂದೊಂದನ್ನೂ ಕೂಗಿ ತುಂಬಿಸಿದಳು. ಸಾಲದು, ಇನ್ನೂ ಜೋರು ಎಂದು ಹೊನ್ನವ್ವ ಕೈ ಎತ್ತುತ್ತಲೇ ಇದ್ದಳು. ನೆರೆಯವರು ಜಗಳವೇನೋ ಎಂದು ಬಂದು ಇಣುಕಿದರು.

ಮುಂದಿನ ಮದುವೆಯಲ್ಲಿ ಹೊನ್ನವ್ವ ಒಲೆಗಳ ಸಾಲಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಳು. ಹೊಸದಾಗಿ ಸೇರಿದ ಆಳೊಬ್ಬ ಸಾರಿನ ಕೊಪ್ಪರಿಗೆಯ ಮೇಲೆ ಬೊಗಸೆ ಚಾಚಿದ್ದ. “ಉಪ್ಪು ಸಾಕು!” ಎಂದು ಸ್ಪೀಕರ್ ಗುಡುಗಿತು. ಅವನು ಬೆಚ್ಚಿಬಿದ್ದು ಕೈ ಹಿಂದೆಗೆದ. ಹಳೆಯ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಯಾರೂ ಹೇಳದೆಯೇ, ಸೊಂಟಕ್ಕೆ ಪಂಚೆ ಬಿಗಿದರು. ಕೊಟ್ರೇಶ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡ. ಅಂದು ಊಟ ಮಾಡಿದವರು ಎರಡನೆಯ ಸಲ ಹುಗ್ಗಿ ಬಡಿಸಿಕೊಂಡರು.

ಕೆಲವು ತಿಂಗಳ ಮೇಲೆ ಬರ್ಮಾ ದೇಶದ ಅಪರಿಚಿತನೊಬ್ಬ ವನಜಾಕ್ಷಿಗೆ ಬರೆದ. ಅವರ ಲಿಪಿಯಲ್ಲೂ ಅಕ್ಷರದ ಕೆಳಗೆ ಅಕ್ಷರ ಕೂರುತ್ತದೆ. ಆ ಹಳೆಯ ಟೂಲ್‌ಕಿಟ್ಟಿನಲ್ಲಿ ಅದೀಗ ಸರಿಯಾಗಿ ಕಾಣುತ್ತಿದೆ, ತನ್ನ ಹಳ್ಳಿಯ ಶಾಲೆಯ ಮಕ್ಕಳು ಅದರಲ್ಲಿ ಓದುತ್ತಿದ್ದಾರೆ ಎಂದು ತಿಳಿಸಿದ್ದ. ಅವಳು ಅವನಿಗಾಗಿ ಏನನ್ನೂ ಮಾಡಿರಲಿಲ್ಲ. ಆ ಸುದ್ದಿಯನ್ನು ಊರಿಗೆ ಹೋಗಿ ದೊಡ್ಡವ್ವನಿಗೆ ಓದಿ ಹೇಳಿದಳು. ಇಲ್ಜಾಳೊಂದಿಗೆ ಆ ಟೂಲ್‌ಕಿಟ್ಟನ್ನು ನೋಡಿಕೊಳ್ಳುವವರಲ್ಲಿ ವನಜಾಕ್ಷಿಯೂ ಒಬ್ಬಳಾದಳು. ಬಟನ್‌ಗಳು ಇವತ್ತಿಗೂ ಬೂದಿ ಬಣ್ಣದವೇ.

ಮಾಸ್ತರರು ಕತೆ ನಿಲ್ಲಿಸಿದರು.

ಇಂದುಧರ ಸ್ವಲ್ಪ ಯೋಚಿಸಿ, “ಹಾಗಾದರೆ ಎಲ್ಲಕ್ಕಿಂತ ಆ ಹಳೆಯ ಟೂಲ್‌ಕಿಟ್ಟೇ ಒಳ್ಳೆಯದಿತ್ತು ಅನ್ನಿ,” ಎಂದ.

“ಒಳ್ಳೆಯದಿರಲಿಲ್ಲಪ್ಪ, ಬಾಗಿಲು ತೆರೆದಿತ್ತು, ವನಜಾಕ್ಷಿ ಒಳಗೆ ಹೋದಳು,” ಎಂದರು ಮಾಸ್ತರರು.

ತಾನು ಹಿಡಿದು ಬಿಟ್ಟವುಗಳಲ್ಲಿ ಯಾವುದರ ಬಾಗಿಲು ತೆರೆದಿದೆ ಎಂದು ಇಂದುಧರ ನೋಡತೊಡಗಿದ.